ಟ್ಯಾಬ್ಲೆಟ್‌ನ ಆ್ಯಪ್ ಸ್ಟೋರ್ ಮುಚ್ಚಿದ್ದೆ, ಆದರೆ ಇನ್ನೊಂದು ಬಾಗಿಲು ತೆರೆದೇ ಇತ್ತು

ನಮಸ್ಕಾರ. ಮೇಜಿನ ಮೇಲೆ ಈಗ ನಿಮಗೆ ಮೂರು ಪರದೆಗಳು ಕಾಣುತ್ತಿವೆ. ಎಡಗಡೆ ಇರುವುದು ನನ್ನ ಐಪ್ಯಾಡ್, ನಡುವೆ ಇರುವುದು ಅಕ್ಕನ ಮಗಳ ಆ್ಯಂಡ್ರಾಯ್ಡ್ ಟ್ಯಾಬ್ಲೆಟ್, ಬಲಗಡೆಯದು ಅಪ್ಪನ ಫೋನ್. ಮೂರರಲ್ಲೂ ಆ್ಯಪ್ ಸ್ಟೋರನ್ನು ಮುಚ್ಚುವುದು ಇವತ್ತಿನ ಕೆಲಸ. ಇದೇ ಕೆಲಸವನ್ನು ಎರಡು ತಿಂಗಳ ಹಿಂದೆ ಇದೇ ಮೇಜಿನ ಮೇಲೆ ಮಾಡಿ ತೋರಿಸಿದ್ದೆ. ಆಗ ಹೇಳಿದ್ದರಲ್ಲಿ ಅರ್ಧ ತಪ್ಪಾಗಿತ್ತು, ಮತ್ತು ಆ ತಪ್ಪಿನಿಂದಾಗಿ ಎಂಟು ವರ್ಷದ ಹುಡುಗಿಯೊಬ್ಬಳು ಮಾಡದ ಕೆಲಸಕ್ಕೆ ಬೈಸಿಕೊಳ್ಳಬೇಕಾಯಿತು. ಅದಕ್ಕಾಗಿಯೇ ಮೊದಲಿನಿಂದ ಮತ್ತೊಮ್ಮೆ ಮಾಡುತ್ತಿದ್ದೇನೆ.

ಐಪ್ಯಾಡ್‌ನ ದಾರಿ ಸುಲಭ, ನನ್ನ ಬೆರಳು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನೋಡುತ್ತಿದ್ದರೆ ಸಾಕು. ಈಗ ತೆರೆದಿರುವುದು ಸೆಟ್ಟಿಂಗ್ಸ್‌ನ ಸ್ಕ್ರೀನ್ ಟೈಮ್ ಒಳಗಿನ ನಿರ್ಬಂಧಗಳ ಪುಟ. 2018ರಲ್ಲಿ ಐಒಎಸ್ 12 ಬರುವ ತನಕ ಇವೆಲ್ಲ ಜನರಲ್ ವಿಭಾಗದಲ್ಲಿ ರಿಸ್ಟ್ರಿಕ್ಷನ್ಸ್ ಎಂಬ ಹೆಸರಿನಲ್ಲಿದ್ದವು. ತೀರಾ ಹಳೆಯ ಐಪ್ಯಾಡ್ ಇಟ್ಟುಕೊಂಡವರು ಅಲ್ಲಿ ಹುಡುಕಬೇಕು. ಇನ್‌ಸ್ಟಾಲಿಂಗ್ ಆ್ಯಪ್ಸ್ ಎಂಬಲ್ಲಿ ಡೋಂಟ್ ಅಲೋ ಎಂದು ಒತ್ತಿದ ಕೂಡಲೇ ಸ್ಟೋರ್‌ನ ನೀಲಿ ಚಿಹ್ನೆ ಹೋಮ್ ಸ್ಕ್ರೀನಿನಿಂದ ಮಾಯವಾಯಿತು, ನೋಡಿದಿರಲ್ಲ. ಅದು ಅಳಿಸಿಹೋಗಿಲ್ಲ. ಅದೇ ಜಾಗದಲ್ಲಿ ಅಲೋ ಎಂದರೆ ಮರಳಿ ಬರುತ್ತದೆ. ಆದರೆ ಈ ನಿರ್ಬಂಧಕ್ಕೆ ಇಡುವ ನಾಲ್ಕು ಅಂಕಿಯ ಪಾಸ್‌ಕೋಡ್ ಐಪ್ಯಾಡನ್ನು ತೆರೆಯಲು ಮಗು ದಿನವೂ ಒತ್ತುವ ಪಾಸ್‌ಕೋಡ್‌ಗೆ ಸ್ವಲ್ಪವೂ ಹೋಲಬಾರದು. ಮಕ್ಕಳು ಮೊದಲು ಪ್ರಯತ್ನಿಸುವುದೇ ಅದನ್ನು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೊಸ ಆ್ಯಪ್ ಹಾಕದಂತೆ ತಡೆದರೆ ಈಗಾಗಲೇ ಇರುವ ಆಟದೊಳಗಿನ ಖರೀದಿ ನಿಲ್ಲುವುದಿಲ್ಲ. ಇನ್-ಆ್ಯಪ್ ಪರ್ಚೇಸಸ್ ಎಂಬ ಮೂರನೆಯ ಸಾಲನ್ನು ಪ್ರತ್ಯೇಕವಾಗಿ ಮುಚ್ಚಬೇಕು. ಇದು ಅತಿಯಾದ ಎಚ್ಚರಿಕೆ ಎಂದು ಯಾರಿಗಾದರೂ ಅನಿಸಿದರೆ, 2014ರಲ್ಲಿ ಅಮೆರಿಕದ ಗ್ರಾಹಕರ ಹಿತ ಕಾಯುವ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ್ದನ್ನು ನೆನಪಿಸಿಕೊಳ್ಳಿ. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳು ಆಟಗಳೊಳಗೆ ಮಾಡಿದ ಖರೀದಿಗಳಿಗಾಗಿ ಆ್ಯಪಲ್ ಕನಿಷ್ಠ 3 ಕೋಟಿ 25 ಲಕ್ಷ ಡಾಲರ್, ಗೂಗಲ್ ಕನಿಷ್ಠ 1 ಕೋಟಿ 90 ಲಕ್ಷ ಡಾಲರ್ ಹಿಂದಿರುಗಿಸಲು ಆ ವರ್ಷ ಒಪ್ಪಿಕೊಂಡವು. ಐಫೋನ್‌ನಲ್ಲಿ ಆಗ ಹೆತ್ತವರು ಒಮ್ಮೆ ಪಾಸ್‌ವರ್ಡ್ ಹಾಕಿದರೆ ಮುಂದಿನ 15 ನಿಮಿಷ ಮತ್ತೆ ಕೇಳದೆಯೇ ಖರೀದಿ ನಡೆಯುತ್ತಿತ್ತು, ಆ ಸಂಗತಿಯನ್ನು ಹೆತ್ತವರಿಗೆ ತಿಳಿಸುತ್ತಿರಲಿಲ್ಲ ಎಂಬುದೇ ಆಯೋಗದ ದೂರಾಗಿತ್ತು. ಮಗುವಿಗೆ ಅದು ಆಟದ ನಾಣ್ಯ, ಹಣವಲ್ಲ. ಹಾಗಾಗಿ ಆ ಸಾಲನ್ನೂ ಮುಚ್ಚಿ.

ಐಪ್ಯಾಡ್ ಆಯಿತು, ಪಕ್ಕಕ್ಕೆ ಇಡುತ್ತಿದ್ದೇನೆ.

ಈಗ ಟ್ಯಾಬ್ಲೆಟ್. ಆ್ಯಂಡ್ರಾಯ್ಡ್‌ನಲ್ಲಿ ಹಲವರು ಮಾಡುವ ಮೊದಲ ಕೆಲಸ ಚಿಹ್ನೆಯನ್ನು ಹೋಮ್ ಸ್ಕ್ರೀನಿನಿಂದ ತೆಗೆದುಹಾಕುವುದು ಅಥವಾ ಅಡಗಿಸುವುದು. ಇದನ್ನು ಮುಚ್ಚುವುದು ಎಂದು ಕರೆಯಲು ನಾನು ಸಿದ್ಧಳಿಲ್ಲ. ಆಟದ ನಡುವೆ ಬರುವ ಜಾಹೀರಾತನ್ನು ಮುಟ್ಟಿದರೆ ಸಾಕು, ಅಡಗಿದ್ದ ಸ್ಟೋರ್ ಇನ್‌ಸ್ಟಾಲ್ ಗುಂಡಿಯೊಂದಿಗೆ ಎದುರಿಗೆ ನಿಲ್ಲುತ್ತದೆ. ನಿಜವಾಗಿ ನಿಲ್ಲಿಸಬೇಕೆಂದರೆ ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಪ್ಲೇ ಸ್ಟೋರನ್ನು ತೆರೆದು ಡಿಸೇಬಲ್ ಮಾಡಬೇಕು. ಅನ್‌ಇನ್‌ಸ್ಟಾಲ್ ಎಂಬ ಗುಂಡಿ ಅಲ್ಲಿ ಇರುವುದಿಲ್ಲ, ಏಕೆಂದರೆ ಅದು ಬಳಕೆದಾರರು ಬದಲಿಸಲಾಗದ ಸಿಸ್ಟಂ ವಿಭಾಗದಲ್ಲಿ ಕೂತಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದ ದಿನ ಏನೂ ಆಗಿಲ್ಲವೆಂಬಂತೆ ಮರಳಿ ಬರುವುದೂ ಅದೇ ಕಾರಣಕ್ಕೆ.

ಈ ಟ್ಯಾಬ್ಲೆಟ್‌ನಲ್ಲಿ ಡಿಸೇಬಲ್ ಗುಂಡಿಯೂ ಮಂಕಾಗಿತ್ತು, ಒತ್ತಲು ಬರುತ್ತಿರಲಿಲ್ಲ. ಹಾಗಾಗಿ ಕೇಬಲ್ ಹಾಕಿ, ಬಿಲ್ಡ್ ನಂಬರನ್ನು ಏಳು ಸಲ ಒತ್ತಿ ಆ್ಯಪ್ ತಯಾರಿಸುವವರಿಗೆಂದು ಅಡಗಿಸಿಟ್ಟಿರುವ ಡೆವಲಪರ್ ಆಯ್ಕೆಗಳನ್ನು ತೆರೆದು, ಕಂಪ್ಯೂಟರಿನಿಂದ ಆ್ಯಂಡ್ರಾಯ್ಡ್ ಸಾಧನಕ್ಕೆ ಆಜ್ಞೆ ಕಳುಹಿಸುವ ಎಡಿಬಿ ಎಂಬ ಸಲಕರಣೆಯ ಮೂಲಕ ಆಜ್ಞೆ ಕೊಟ್ಟೆ. ಆಜ್ಞೆ ಪರದೆಯ ಮೇಲಿದೆ, ಓದಿ ಹೇಳುವುದಿಲ್ಲ. ಅದರಲ್ಲಿ ಸ್ಟೋರ್‌ನ ಹೆಸರು ಕಾಂ ಡಾಟ್ ಆ್ಯಂಡ್ರಾಯ್ಡ್ ಡಾಟ್ ವೆಂಡಿಂಗ್ ಎಂದಿರುವುದನ್ನು ಗಮನಿಸಿ. 2008ರಲ್ಲಿ ಆ್ಯಂಡ್ರಾಯ್ಡ್ ಮಾರ್ಕೆಟ್ ಎಂದು ಆರಂಭವಾದದ್ದು 2012ರಲ್ಲಿ ಗೂಗಲ್ ಪ್ಲೇ ಆಯಿತು, ಆದರೆ ಒಳಗಿನ ಹೆಸರು ಮಾರುಕಟ್ಟೆಯ ಕಾಲದ್ದೇ ಉಳಿದಿದೆ. ಆಜ್ಞೆಯಲ್ಲಿ ಯೂಸರ್ ಸೊನ್ನೆ ಎಂದೂ ಇದೆ. ಅದರ ಅರ್ಥ, ಟ್ಯಾಬ್ಲೆಟ್‌ನ ಮೊದಲ ಬಳಕೆದಾರರ ಪಾಲಿಗೆ ಮಾತ್ರ ಸ್ಟೋರ್ ಮುಚ್ಚುತ್ತದೆ ಎಂದು. ಮಗುವಿಗೆ ಬೇರೆ ಯೂಸರ್ ಪ್ರೊಫೈಲ್ ಮಾಡಿಕೊಟ್ಟಿದ್ದರೆ ಅಲ್ಲಿ ಅದು ತೆರೆದೇ ಇರುತ್ತದೆ.

ಇಷ್ಟು ಮಾಡಿ, ಕೆಲಸ ಮುಗಿಯಿತು ಎಂದು ಕಳೆದ ಸಲ ವಿಡಿಯೊ ನಿಲ್ಲಿಸಿದ್ದೆ. ಆಮೇಲೆ ನಡೆದದ್ದನ್ನು ಹೇಳಬೇಕು.

ಮೂರು ವಾರದ ನಂತರ ಅಕ್ಕ ಕರೆ ಮಾಡಿ, ಟ್ಯಾಬ್ಲೆಟ್‌ನಲ್ಲಿ ಆರು ಹೊಸ ಆಟಗಳಿವೆ, ನೀನು ಮುಚ್ಚಿದ್ದೀಯಲ್ಲ, ಇವಳು ಹೇಗೆ ಹಾಕಿಕೊಂಡಳು ಎಂದು ಕೇಳಿದಳು. ಸ್ಟೋರ್ ಮುಚ್ಚಿಯೇ ಇದೆ, ಅವಳೇ ಯಾರಿಂದಲೋ ಹಾಕಿಸಿಕೊಂಡಿರಬೇಕು ಎಂದು ನಾನು ಯೋಚಿಸದೆ ಹೇಳಿದೆ. ಅಕ್ಕ ಮಗಳನ್ನು ಬೈದಳು, ಎರಡು ದಿನ ಟ್ಯಾಬ್ಲೆಟ್ ಕಿತ್ತಿಟ್ಟಳು. ನಾನು ಅವರ ಮನೆಗೆ ಹೋದಾಗ ಮಗು ನನ್ನ ಬಳಿ ಬಂದು, "ನಾನು ಹಾಕಿಲ್ಲ ಚಿಕ್ಕಮ್ಮ, ಅವೇ ಬಂದವು" ಎಂದಿತು. ಆಟಗಳು ತಾವಾಗಿಯೇ ಬರುವುದಿಲ್ಲ ಎಂದು ನಾನು ಉತ್ತರಿಸಿದೆ. ಎಷ್ಟು ಖಚಿತವಾಗಿ ಉತ್ತರಿಸಿದೆ ಎಂಬುದು ಈಗಲೂ ನನಗೆ ನೋವು ಕೊಡುತ್ತದೆ.

ಆ ಸಂಜೆ ಒಂದು ಆಟದ ಆ್ಯಪ್ ಇನ್ಫೋ ಪುಟವನ್ನು ಕೊನೆಯವರೆಗೆ ಎಳೆದು ನೋಡಿದೆ. ಈಗ ನೀವು ನೋಡುತ್ತಿರುವುದು ಅದೇ ಪುಟ; ಆ್ಯಪ್ ಎಲ್ಲಿಂದ ಬಂತು ಎಂಬುದನ್ನು ತಿಳಿಸುವ ಸಣ್ಣ ಸಾಲು ತಳದಲ್ಲಿದೆ. ಅಲ್ಲಿ ಪ್ಲೇ ಸ್ಟೋರ್‌ನ ಹೆಸರಿರಲಿಲ್ಲ. ಟ್ಯಾಬ್ಲೆಟ್ ತಯಾರಿಸಿದ ಕಂಪನಿಯದೇ ಇನ್ನೊಂದು ಸ್ಟೋರ್‌ನ ಹೆಸರಿತ್ತು. ಅದು ಹೋಮ್ ಸ್ಕ್ರೀನಿನಲ್ಲಿ ಇರಲಿಲ್ಲ, ಅದರ ಬಗ್ಗೆ ನಾನು ಯೋಚಿಸಿಯೂ ಇರಲಿಲ್ಲ. ಆದರೆ ಹೋಮ್ ಸ್ಕ್ರೀನಿನ ಒಂದು ಫೋಲ್ಡರ್ ತೆರೆದರೆ ಕೆಳಗೆ ಶಿಫಾರಸು ಮಾಡಿದ ಆಟಗಳ ಸಾಲೊಂದು ಕಾಣುತ್ತಿತ್ತು, ಆ ಚಿತ್ರಗಳು ಈಗಾಗಲೇ ಇರುವ ಆ್ಯಪ್‌ಗಳ ಹಾಗೆಯೇ ಇದ್ದವು, ಮತ್ತು ಅವುಗಳಲ್ಲಿ ಒಂದನ್ನು ಮುಟ್ಟಿದರೆ ಯಾವ ಪಾಸ್‌ವರ್ಡನ್ನೂ ಯಾವ ಒಪ್ಪಿಗೆಯನ್ನೂ ಕೇಳದೆ ಆಟ ಇಳಿದು ಇನ್‌ಸ್ಟಾಲ್ ಆಗುತ್ತಿತ್ತು. ಮಗು ಆಡಲೆಂದು ಮುಟ್ಟಿದೆ, ಆಟ ಬಂದಿದೆ. ಅವೇ ಬಂದವು ಎಂಬ ಅವಳ ಮಾತು ಅಕ್ಷರಶಃ ಸರಿಯಾಗಿತ್ತು.

ಇದು ಹೇಗೆ ಸಾಧ್ಯ ಎಂಬುದಕ್ಕೆ ಕಾರಣವಿದೆ. 2017ರಲ್ಲಿ ಆ್ಯಂಡ್ರಾಯ್ಡ್ 8 ಬಂದಾಗ, ಅಪರಿಚಿತ ಮೂಲಗಳಿಗೆಲ್ಲ, ಅಂದರೆ ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕುವುದಕ್ಕೆಲ್ಲ, ಒಂದೇ ಸ್ವಿಚ್ ಇದ್ದ ಪದ್ಧತಿ ಹೋಗಿ, ಇನ್‌ಸ್ಟಾಲ್ ಮಾಡುವ ಅನುಮತಿಯನ್ನು ಬ್ರೌಸರ್, ಫೈಲ್ ಮ್ಯಾನೇಜರ್ ಹೀಗೆ ಒಂದೊಂದು ಆ್ಯಪ್‌ಗೂ ಬೇರೆಬೇರೆಯಾಗಿ ಕೊಡುವ ವ್ಯವಸ್ಥೆ ಬಂತು. ಆ ಪಟ್ಟಿಯನ್ನು ನಾನು ಒಂದೊಂದಾಗಿ ಪರಿಶೀಲಿಸಿ ಮುಚ್ಚಿದ್ದೆ. ಆದರೆ ತಯಾರಕರು ಸಿಸ್ಟಂನೊಳಗೇ ಇಟ್ಟು ಕಳುಹಿಸುವ ಸ್ಟೋರ್‌ಗೆ ಬಳಕೆದಾರರನ್ನು ಕೇಳದೆಯೇ ಇನ್‌ಸ್ಟಾಲ್ ಮಾಡುವ ವಿಶೇಷ ಅನುಮತಿಯನ್ನು ಅವರೇ ಕೊಟ್ಟಿರಬಹುದು, ಅಂಥ ಸ್ಟೋರ್ ಈ ಪಟ್ಟಿಯ ನಿರ್ಬಂಧಕ್ಕೆ ಸಿಗುವುದಿಲ್ಲ. ಹಣ ಕೊಟ್ಟು ಕೊಂಡ ಸಾಧನದಲ್ಲಿ, ಅದರಲ್ಲೂ ಮಗುವಿನ ಕೈಗೆ ಹೋಗುವ ಸಾಧನದಲ್ಲಿ, ಶಿಫಾರಸಿನ ಹೆಸರಿನಲ್ಲಿ ಹೀಗೆ ಆಟಗಳನ್ನು ನುಗ್ಗಿಸುವುದು ನನ್ನ ಮಟ್ಟಿಗೆ ಶುದ್ಧ ತಪ್ಪು. ಈ ಮಾತಿನಲ್ಲಿ ಯಾವ ಬದಲಾವಣೆಯನ್ನೂ ನಾನು ಮಾಡಿಕೊಳ್ಳುವುದಿಲ್ಲ.

ಆದ್ದರಿಂದ ಏನನ್ನು ಮುಚ್ಚುವ ಮೊದಲೂ ನಿಮ್ಮ ಸಾಧನದಲ್ಲಿ ಎಷ್ಟು ಸ್ಟೋರ್‌ಗಳಿವೆ ಎಂದು ಎಣಿಸಿ. ಸ್ಯಾಮ್‌ಸಂಗ್‌ನಲ್ಲಿ ಗ್ಯಾಲಕ್ಸಿ ಸ್ಟೋರ್ ಇರುತ್ತದೆ, ಶವೋಮಿಯಲ್ಲಿ ಗೆಟ್‌ಆ್ಯಪ್ಸ್, ಹುವಾವೆಯಲ್ಲಿ ಆ್ಯಪ್‌ಗ್ಯಾಲರಿ. ಅಮೆಜಾನ್‌ನ ಫೈರ್ ಟ್ಯಾಬ್ಲೆಟ್‌ಗಳಲ್ಲಿ ಪ್ಲೇ ಸ್ಟೋರ್ ಇರುವುದೇ ಇಲ್ಲ, ಅವರದೇ ಆ್ಯಪ್‌ಸ್ಟೋರ್ ಇರುತ್ತದೆ. ಐಫೋನ್‌ನಲ್ಲಿ ಒಂದೇ ಎಂದು ಕಳೆದ ಸಲ ಹೇಳಿದ್ದೆ, ಅದನ್ನೂ ತಿದ್ದುತ್ತೇನೆ: 2024ರ ಮಾರ್ಚ್‌ನಲ್ಲಿ ಬಂದ ಐಒಎಸ್ 17.4ರಿಂದ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಬೇರೆ ಸ್ಟೋರ್‌ಗಳನ್ನೂ ಹಾಕಿಕೊಳ್ಳಬಹುದು. ಆ್ಯಪ್ ಸ್ಟೋರನ್ನೇ ಅಳಿಸುವ ಅವಕಾಶವನ್ನು ಅಲ್ಲಿನ ಬಳಕೆದಾರರಿಗೆ ಕೊಡುವುದಾಗಿ ಆ್ಯಪಲ್ ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಿತು. ಈ ಅವಕಾಶ ಎಲ್ಲ ಕಡೆಯೂ ಇರಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಆ ಮಾತು ಇನ್ನೊಂದು ದಿನಕ್ಕಿರಲಿ, ಟ್ಯಾಬ್ಲೆಟ್‌ನ ಪರದೆ ಆರುತ್ತಿದೆ.

ತಯಾರಕರ ಸ್ಟೋರನ್ನು ಎಡಿಬಿಯಿಂದಲೇ ನಿಲ್ಲಿಸಿದೆ, ಫೋಲ್ಡರ್‌ನ ಶಿಫಾರಸುಗಳನ್ನೂ ಆಫ್ ಮಾಡಿದೆ. ಈಗ ನೋಡಿ, ಪ್ಲೇ ಸ್ಟೋರನ್ನು ಮಾತ್ರ ಮತ್ತೆ ಜೀವಂತಗೊಳಿಸುತ್ತಿದ್ದೇನೆ. ಹೌದು, ಕಳೆದ ಸಲ ಪೂರ್ತಿ ಮುಚ್ಚಿ ಎಂದು ಒತ್ತಿ ಹೇಳಿದ್ದವಳು ನಾನೇ. ಆ ಸಲಹೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ.

ಕಾರಣ ವೆಬ್‌ವ್ಯೂ. ಒಂದು ಆ್ಯಪ್‌ನೊಳಗೆ ವೆಬ್ ಪುಟ ತೆರೆದಾಗ ಅದನ್ನು ತೋರಿಸುವ ಭಾಗ ಅದು, 2014ರ ಆ್ಯಂಡ್ರಾಯ್ಡ್ 5ರಿಂದ ಅದರ ನವೀಕರಣ ಬರುವುದು ಪ್ಲೇ ಸ್ಟೋರ್ ಮೂಲಕವೇ. 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂನ ಒಂದು ದೋಷದಿಂದ ಎಷ್ಟೋ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು, ಅದರ ಪರಿಹಾರವೂ ಪ್ಲೇ ಸ್ಟೋರ್‌ನಲ್ಲಿ ಬಂದ ಅಪ್‌ಡೇಟ್ ಆಗಿತ್ತು. ಸ್ಟೋರನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಹೊಸ ಆಟಗಳ ಜೊತೆಗೆ ಇಂಥ ದುರಸ್ತಿಗಳೂ ಹೊರಗೇ ನಿಲ್ಲುತ್ತವೆ. ಎರಡು ತಿಂಗಳ ನಂತರ ಈ ಟ್ಯಾಬ್ಲೆಟ್‌ನಲ್ಲಿ ಸ್ಟೋರ್ ತೆರೆದಾಗ ಕಾಯುತ್ತಿದ್ದ ಅಪ್‌ಡೇಟ್‌ಗಳ ಉದ್ದವನ್ನು ಪರದೆಯಲ್ಲಿ ನೋಡಿ, ಬ್ರೌಸರ್ ಕೂಡ ಅದರಲ್ಲಿದೆ. ಮಗುವಿನ ಟ್ಯಾಬ್ಲೆಟ್‌ಗೆ ರಕ್ಷಣೆ ಬೇಕೆಂದು ಹೊರಟು ನಾನು ಇನ್ನೊಂದು ರಕ್ಷಣೆಯನ್ನು ಕಿತ್ತುಕೊಂಡಿದ್ದೆ.

ಹಾಗಾಗಿ ಈ ಟ್ಯಾಬ್ಲೆಟ್‌ಗೆ ಫ್ಯಾಮಿಲಿ ಲಿಂಕ್, ಅಂದರೆ ಮಗುವಿನ ಸಾಧನದ ಮೇಲೆ ಹೆತ್ತವರು ಕಣ್ಣಿಡಲು ಗೂಗಲ್ ಕೊಡುವ ಆ್ಯಪ್, ಹಾಕುತ್ತಿದ್ದೇನೆ. ಮಗು ಯಾವುದೇ ಹೊಸ ಆ್ಯಪ್ ಕೇಳಿದರೂ ಒಪ್ಪಿಗೆಯ ಕೋರಿಕೆ ಅಕ್ಕನ ಫೋನಿಗೆ ಹೋಗುತ್ತದೆ, ಆದರೆ ಇರುವ ಆ್ಯಪ್‌ಗಳ ಅಪ್‌ಡೇಟ್‌ಗೆ ಒಪ್ಪಿಗೆ ಬೇಕಿಲ್ಲ. ನನಗೆ ಬೇಕಾಗಿದ್ದದ್ದು ಇದೇ. ಇದು ಕಾಯುವುದು ಪ್ಲೇ ಸ್ಟೋರನ್ನು ಮಾತ್ರ, ಆದ್ದರಿಂದ ಎರಡನೆಯ ಸ್ಟೋರ್ ಮುಚ್ಚಿಯೇ ಇರಬೇಕು.

ಅಪ್ಪನ ಫೋನಿಗೆ ಬೇರೆಯೇ ಉತ್ತರ. ಫೋನ್ ನಿಧಾನವಾಗಿದೆ, ಕೂಡಲೇ ಸ್ವಚ್ಛಗೊಳಿಸಿ ಎಂಬ ಜಾಹೀರಾತುಗಳನ್ನು ಅಪ್ಪ ನಂಬುತ್ತಾರೆ, ಹಾಗೆ ಬಂದ ನಾಲ್ಕು ಕ್ಲೀನರ್‌ಗಳನ್ನು ನಾನು ತೆಗೆದಿದ್ದೇನೆ. ಆದರೂ ಅವರು ಮಗುವಲ್ಲ, ಅವರ ಖಾತೆಯ ಮೇಲೆ ನನ್ನ ಕಾವಲು ಇಡಲು ನನಗೆ ಮನಸ್ಸಿಲ್ಲ. ಏನಾಗುತ್ತಿದೆ ಎಂದು ವಿವರಿಸಿ, ಅವರು ಒಪ್ಪಿದ ಮೇಲೆ ಸ್ಟೋರನ್ನು ಸೆಟ್ಟಿಂಗ್ಸ್‌ನಲ್ಲೇ ಡಿಸೇಬಲ್ ಮಾಡಿದೆ. ಈ ಫೋನ್‌ನಲ್ಲಿ ಗುಂಡಿ ಮಂಕಾಗಿಲ್ಲ. ಎರಡು ವಾರಕ್ಕೊಮ್ಮೆ ಇಬ್ಬರೂ ಕೂತು ಅದನ್ನು ತೆರೆದು, ಅಪ್‌ಡೇಟ್‌ಗಳನ್ನು ಮುಗಿಸಿ, ಮತ್ತೆ ಮುಚ್ಚುತ್ತೇವೆ. ಡಿಸೇಬಲ್ ಮಾಡುವಾಗ ಸ್ಟೋರ್ ಕಾರ್ಖಾನೆಯ ಹಳೆಯ ಆವೃತ್ತಿಗೆ ಹಿಂದಿರುಗಲು ಕೇಳುತ್ತದೆ, ಹಾಗಾಗಿ ಮುಂದಿನ ಸಲ ತೆರೆದಾಗ ಮೊದಲು ತನ್ನನ್ನೇ ನವೀಕರಿಸಿಕೊಳ್ಳುತ್ತದೆ. ಆ ಕೆಲವು ನಿಮಿಷ ತಾಳ್ಮೆಯಿಂದ ಕಾಯಿರಿ, ಕೆಟ್ಟಿದೆ ಎಂದುಕೊಳ್ಳಬೇಡಿ.

ಟ್ಯಾಬ್ಲೆಟ್‌ನ ಅಪ್‌ಡೇಟ್‌ಗಳು ಮುಗಿದವು. ಇದನ್ನು ನಾಳೆ ನಾನೇ ಒಯ್ದು ಕೊಡುತ್ತೇನೆ. ಅಂದು ನೀನು ಹೇಳಿದ್ದೇ ನಿಜ, ತಪ್ಪು ನನ್ನದು ಎಂದು ಅವಳಿಗೂ, ಅವಳೆದುರೇ ಅಕ್ಕನಿಗೂ ಹೇಳುವುದಿದೆ. ಆ ಮಾತು ಮುಗಿಯುವ ತನಕ ಕ್ಯಾಮೆರಾ ಚೀಲದಲ್ಲೇ ಇರುತ್ತದೆ.