ನಾಲೆಯ ಕೊನೆಯಲ್ಲಿ ಒಂದು ಬೇಸಿಗೆ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಮೈಸೂರು, ಮಂಡ್ಯದಲ್ಲಿ ಕಾನೂನು ಓದುತ್ತಿರುವ ಮಕ್ಕಳಿಗೆ. ನೀರಿನ ಕಾನೂನು ಕಲಿಯಲು ನಮ್ಮಲ್ಲೂ ಒಂದು ಬೇಸಿಗೆ ಫೆಲೋಶಿಪ್, ಅಂದರೆ ಖರ್ಚಿಗೆ ಹಣ ಕೊಟ್ಟು ಕಲಿಸುವ ಏರ್ಪಾಡು, ಬೇಕು ಅನ್ನುವುದೇ ವಿಷಯ. ಅಪ್ಪ ಅಮ್ಮ ರೇಡಿಯೊ ಹತ್ತಿರ ಇದ್ದರೆ ಅವರೂ ಕೇಳಲಿ.

ನಾನು ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ಮದ್ದೂರು ಕಡೆಯ ರೈತರೊಬ್ಬರು ಬಂದರು. ಮೇಲಿನ ಜಮೀನಿನವರು ಹೊಲಗಾಲುವೆಯನ್ನೇ ಸೇರಿಸಿಕೊಂಡು ಉತ್ತುಬಿಟ್ಟಿದ್ದರು. ಇವರ ಗದ್ದೆಗೆ ನೀರು ನಿಂತುಹೋಗಿತ್ತು. ನಾನು ಪಹಣಿ ನೋಡಿದೆ, ನಕ್ಷೆ ನೋಡಿದೆ, ಸಿವಿಲ್ ದಾವೆ ಹಾಕಿದೆ. ವಾಯಿದೆ ಮೇಲೆ ವಾಯಿದೆ ಬಿತ್ತು. ಎರಡು ಬೆಳೆ ಹೋಯಿತು. ಹೊಲಗಾಲುವೆಯ ತಕರಾರನ್ನು ನೀರಾವರಿ ಅಧಿಕಾರಿಯ ಮುಂದೆ ಇಡುವ ದಾರಿ 1965ರ ಕರ್ನಾಟಕ ನೀರಾವರಿ ಕಾಯಿದೆಯಲ್ಲೇ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಓದುವಾಗ ಆ ಕಾಯಿದೆಯ ಹೆಸರನ್ನೂ ನಾನು ಕೇಳಿರಲಿಲ್ಲ. ಆ ಎರಡು ಬೆಳೆಯನ್ನು ಇವತ್ತಿಗೂ ಮರೆತಿಲ್ಲ.

ನೀರಿನ ಕಾನೂನು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಕಾವೇರಿ ವಿವಾದ. 1892 ಮತ್ತು 1924ರ ಒಪ್ಪಂದಗಳು, 1990ರಲ್ಲಿ ಬಂದ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 270 ಟಿಎಂಸಿಯಿಂದ 284.75 ಟಿಎಂಸಿಗೆ ಏರಿಸಿತು. ಇವೆಲ್ಲ ಓದಲೇಬೇಕು. ಆದರೆ ಆ ನೀರು ನಮ್ಮ ರಾಜ್ಯಕ್ಕೆ ಅಂತ ಆದ ಮೇಲೆ ಏನಾಗುತ್ತೆ? ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಮದ್ದೂರು, ಮಳವಳ್ಳಿಯ ಕೊನೆ ಭಾಗಕ್ಕೆ ಮುಟ್ಟಿತಾ? ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಯಾರ ಸರದಿ ಯಾವಾಗ? ರಾತ್ರಿ ತೂಬಿನ ಕದ ಎತ್ತಿದವರು ಯಾರು? ಮೇಲಿನವರು ಪಂಪ್ ಇಟ್ಟು ಎತ್ತಿಬಿಟ್ಟರೆ ಕೆಳಗಿನವರು ಯಾರ ಹತ್ತಿರ ಹೋಗಬೇಕು? ದಿನ ಬೆಳಗಾದರೆ ಊರಲ್ಲಿ ಜಗಳ ಆಗುವುದು ಇದಕ್ಕೇ, ಅಲ್ವಾ? ಇದಕ್ಕೂ ಕಾನೂನು ಇದೆ. ನಾಲೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು 2024ರಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿಯೂ ಬಂತು. ನೀರು ಬಳಕೆದಾರರ ಸಹಕಾರ ಸಂಘಗಳಿಗೂ ಅದೇ ಕಾಯಿದೆಯಲ್ಲಿ ಜಾಗ ಇದೆ. ಅದನ್ನು ಓದಿ ರೈತರಿಗೆ ತಿಳಿಸಿ ಹೇಳುವ ವಕೀಲರು ಮಾತ್ರ ತುಂಬಾ ಕಡಿಮೆ.

ಬೋರ್‌ವೆಲ್ ಮಾತು ಬೇರೆ. ನೆಲದ ಕೆಳಗಿನ ನೀರು ನೆಲದ ಒಡೆಯನದು ಅನ್ನುವ ನಂಬಿಕೆಗೆ ಬೇರು 1882ರ ಈಸ್‌ಮೆಂಟ್ ಕಾಯಿದೆಯಲ್ಲಿದೆ, ಅಂದರೆ ಬೇರೆಯವರ ಜಮೀನಿನ ಮೇಲಿನ ಬಳಕೆಯ ಹಕ್ಕುಗಳ ಕಾಯಿದೆಯಲ್ಲಿ. ಇಬ್ಬರ ಜಮೀನಿನ ನಡುವೆ ಬದು ಇರುತ್ತೆ, ಕೆಳಗಿನ ನೀರಿಗೆ ಬದು ಎಲ್ಲಿದೆ? ಅಂತರ್ಜಲವನ್ನು ಹಿಡಿತದಲ್ಲಿಡಲು 2011ರಲ್ಲಿ ನಮ್ಮ ರಾಜ್ಯ ಬೇರೆ ಕಾಯಿದೆಯನ್ನೇ ಮಾಡಿತು.

ಈಗ ಫೆಲೋಶಿಪ್ ವಿಷಯಕ್ಕೆ ಬರುತ್ತೇನೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮೊದಲು ನೀರು ಬಳಸಿದವರಿಗೆ ಮೊದಲ ಹಕ್ಕು. 1969ರಿಂದ ಅಲ್ಲಿ ನೀರಿನ ವ್ಯಾಜ್ಯಕ್ಕೇ ಅಂತ 7 ಕೋರ್ಟುಗಳಿವೆ. ಆ ದೇಶದಲ್ಲಿ ನೀರಿನ ಕಾನೂನಿನ ಮೇಲೆ ಆಸೆ ಇರುವ ವಿದ್ಯಾರ್ಥಿಗಳಿಗೆ ಬೇಸಿಗೆ ಫೆಲೋಶಿಪ್‌ಗಳಿರುತ್ತವೆ. ರಜೆಯ ಕೆಲವು ವಾರ ನೀರಿನ ಕೆಲಸ ಮಾಡುವ ಕಚೇರಿಯಲ್ಲಿ ದುಡಿಯುತ್ತಾರೆ. ಖರ್ಚಿಗೆ ಹಣ ಸಿಗುತ್ತೆ.

ಈ ಹಣದ ಮಾತನ್ನು ನಾನು ಬೇಕೆಂದೇ ಎತ್ತುತ್ತಿದ್ದೇನೆ. ನಮ್ಮಲ್ಲಿ ಇಂಟರ್ನ್‌ಶಿಪ್ ಅಂದರೆ ಹೆಚ್ಚಿನ ಕಡೆ ಸಂಬಳ ಇಲ್ಲ. ಬೆಂಗಳೂರಿಗೆ ಹೋಗಿ ಎರಡು ತಿಂಗಳು ರೂಮು ಬಾಡಿಗೆ ಕೊಟ್ಟು ಇರಲು ಯಾರಿಗೆ ಆಗುತ್ತೆ? ಮಳವಳ್ಳಿಯ ಕೊನೆ ಭಾಗದ ಹುಡುಗಿ ರಜೆ ಬಂದರೆ ಮನೆಗೆ ಹೋಗುತ್ತಾಳೆ, ಹಸು ನೋಡಿಕೊಳ್ಳುತ್ತಾಳೆ. ನೀರು ಬಾರದಿದ್ದರೆ ಮನೆಯಲ್ಲಿ ಏನಾಗುತ್ತೆ ಅಂತ ಅವಳಿಗಿಂತ ಜಾಸ್ತಿ ಯಾರಿಗೆ ಗೊತ್ತು? ಅಂಥವಳೇ ಈ ಕಾನೂನು ಕಲಿಯಬೇಕು. ಬಸ್ ಚಾರ್ಜು, ಊಟದ ಖರ್ಚು ಇಲ್ಲ ಅನ್ನುವ ಕಾರಣಕ್ಕೆ ಅವಳು ಹಿಂದೆ ಉಳಿಯಬಾರದು.

ಅಂಥ ಒಂದು ಫೆಲೋಶಿಪ್ ಮಂಡ್ಯದಲ್ಲಿ ಆಗಬೇಕು ಅಂತ ನನ್ನ ಆಸೆ. ದೊಡ್ಡ ಏರ್ಪಾಡು ಬೇಡ. ಎಂಟು ವಾರ ಸಾಕು. ಮೊದಲ ವಾರ ಪುಸ್ತಕ ಮುಟ್ಟುವುದೇ ಬೇಡ. ನಾಲೆಯಲ್ಲಿ ನೀರು ನಿಲ್ಲಿಸಿದಾಗ ಒಂದು ವಿತರಣಾ ನಾಲೆಯ ತಲೆಯಿಂದ ಕೊನೆಯವರೆಗೆ ನಡೆದುಕೊಂಡು ಹೋಗಲಿ. ನೀರು ಹರಿಯುವಾಗ ಕಾಣದ್ದೆಲ್ಲ ಆಗ ಕಾಣುತ್ತೆ. ಒಡೆದ ತೂಬು, ಗೋಡೆಗೆ ಕೊರೆದ ತೂತು, ಹೂಳು, ನಡುವೆ ಇಟ್ಟ ಪೈಪು. ತೂಬು ನೋಡಿಕೊಂಡು ನೀರು ಬಿಡುವ ಸೌಡಿಗಳ ಜೊತೆ ಕೂತು ಮಾತಾಡಲಿ. ಯಾವ ತೂಬಿಗೆ ಎಷ್ಟು ಹೊತ್ತು ಅಂತ ಅವರಿಗೆ ಬಾಯಿಪಾಠ. ಆಮೇಲೆ ಕಚೇರಿಗೆ ಹೋಗಿ ಅದೇ ನಾಲೆಯ ಕಾಗದ ನೋಡಲಿ. ಕಾಗದದಲ್ಲಿರುವ ಅಚ್ಚುಕಟ್ಟು, ಅಂದರೆ ನಾಲೆಯ ನೀರು ಮುಟ್ಟಬೇಕಾದ ಜಮೀನು ಎಷ್ಟು, ಕಣ್ಣಾರೆ ಕಂಡ ಗದ್ದೆ ಎಷ್ಟು? ಆ ವ್ಯತ್ಯಾಸ ಕಂಡ ಮೇಲೆ ಕಾಯಿದೆ ಓದಲು ಕೂತರೆ ಒಂದೊಂದು ಕಲಮೂ ಬೇರೆಯೇ ಕಾಣುತ್ತೆ. ಕೊನೆಗೆ ರೈತರ ಕೈಗೆ ಕೊಡುವಂಥ ಒಂದೇ ಹಾಳೆ ಬರೆಯಲಿ, ಕನ್ನಡದಲ್ಲಿ. ನೀರು ಬಾರದಿದ್ದರೆ ಯಾರಿಗೆ ಅರ್ಜಿ, ಹೇಗೆ, ಯಾವ ಕಾಯಿದೆಯಡಿ ಅಂತ.

ಮೈಸೂರು, ಮಂಡ್ಯದ ಹಿರಿಯ ವಕೀಲರಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿ ನಾಲ್ಕೈದು ಮಂದಿ ಸೇರಿದರೆ ಇಬ್ಬರು ಮಕ್ಕಳ ಖರ್ಚು ನಡೆಯುತ್ತೆ. ಬರುವ ಏಪ್ರಿಲ್‌ಗೆ ನನ್ನ ಕಚೇರಿಯಲ್ಲಿ ಒಂದು ಮೇಜು ತೆರವು ಮಾಡಿಟ್ಟಿದ್ದೇನೆ. ನೀರಾವರಿ ಕಾಯಿದೆಯ ಪುಸ್ತಕ ಅದರ ಮೇಲಿದೆ.

ನಮಸ್ಕಾರ.