ನಕ್ಷತ್ರದ ಕಡೆ ಹೊರಟ ಯಂತ್ರ ಮರಿ ಹಾಕಬೇಕೇ?

ಕೇಳುಗರೆಲ್ಲರಿಗೂ ನಮಸ್ಕಾರ. ದೂರದ ನಕ್ಷತ್ರಕ್ಕೆ ಹೋಗಿ, ಅಲ್ಲಿ ತನ್ನಂಥದ್ದೇ ಇನ್ನೊಂದನ್ನು ತಾನೇ ಕಟ್ಟುವ, ಅಂದರೆ ಮರಿ ಹಾಕುವ ಯಂತ್ರವನ್ನು ಕಳಿಸಬೇಕೇ ಅನ್ನುವುದೇ ಇವತ್ತಿನ ಮಾತು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಹೋದರೆ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಕಾಣುತ್ತವಲ್ಲ, ಅದೇ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನೆಲದಿಂದಲೇ ನಿಯಂತ್ರಿಸುವ ಕೇಂದ್ರ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಒಂಚೂರು ಜರುಗಿದರೂ ಇಲ್ಲಿಂದ ಆದೇಶ ಹೋಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆ, ಅದು ತನ್ನ ಪುಟ್ಟ ಥ್ರಸ್ಟರ್ ಉರಿಸಿ ಮತ್ತೆ ಜಾಗಕ್ಕೆ ಬಂದು ಕೂರುತ್ತದೆ. ಇದೇ ಆದೇಶವನ್ನು ನಮಗೆ ತೀರಾ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೆ ಕಳಿಸಿದರೆ? ಹೋಗಲು ನಾಲ್ಕು ವರ್ಷ ಮೂರು ತಿಂಗಳು. ಉತ್ತರ ಬರಲು ಮತ್ತೆ ಅಷ್ಟೇ.

ಅಲ್ಲಿಗೆ ಹೋಗುವುದು ಸುಮ್ನೆ ಮಾತಲ್ಲ. 1977ರಲ್ಲಿ ಹೊರಟ ವಾಯೇಜರ್-1 ಬಾಹ್ಯಾಕಾಶ ನೌಕೆಯ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು. ಅದಕ್ಕೇ 2016ರಲ್ಲಿ ಉದ್ಯಮಿ ಯೂರಿ ಮಿಲ್ನರ್ ಮತ್ತು ವಿಜ್ಞಾನಿ ಸ್ಟೀಫನ್ ಹಾಕಿಂಗ್ 'ಬ್ರೇಕ್‌ಥ್ರೂ ಸ್ಟಾರ್‌ಶಾಟ್' ಯೋಜನೆ ಮುಂದಿಟ್ಟರು. ಕೆಲವೇ ಗ್ರಾಂ ತೂಕದ ಚಿಪ್, ಅದಕ್ಕೊಂದು ತೆಳುವಾದ ಹಾಯಿ, ನೆಲದಿಂದ ತಳ್ಳುವ ಲೇಸರ್. ಬೆಳಕಿನ ವೇಗದ ಐದನೇ ಒಂದು ಭಾಗ ಸಿಕ್ಕರೆ 20 ವರ್ಷ ಚಿಲ್ಲರೆ ಸಾಕು. ಆದರೆ ಅಲ್ಲಿ ನಿಲ್ಲಲು ಬ್ರೇಕ್ ಇಲ್ಲ, ಪಕ್ಕದಲ್ಲೇ ಹಾದು ಹೋಗಿಬಿಡುತ್ತದೆ.

ಮರಿ ಹಾಕುವ ಯಂತ್ರ ಮಾತ್ರ ನಿಲ್ಲಲೇಬೇಕು. ಯಾವುದಾದರೂ ಕಲ್ಲುಗುಂಡಿನ ಮೇಲೆ ಇಳಿದು, ಲೋಹ, ಸಿಲಿಕಾನ್ ಹುಡುಕಿ ತನ್ನಂಥದ್ದನ್ನೇ ಇನ್ನೊಂದು ಕಟ್ಟಬೇಕು. ಇದು ತತ್ವದಲ್ಲಿ ಸಾಧ್ಯ ಅಂತ 1940ರ ದಶಕದಲ್ಲೇ ಗಣಿತಜ್ಞ ಜಾನ್ ವಾನ್ ನಾಯ್ಮನ್ ತೋರಿಸಿದ್ದರು: ಯಂತ್ರ ತನ್ನ ವಿವರವನ್ನು ತನ್ನೊಳಗೇ ಇಟ್ಟುಕೊಂಡಿರಬೇಕು, ಅದನ್ನು ಓದಿ ಮರಿ ಕಟ್ಟಬೇಕು, ಆಮೇಲೆ ಆ ವಿವರವನ್ನೇ ನಕಲು ಮಾಡಿ ಮರಿಯ ಕೈಗೂ ಕೊಡಬೇಕು. ಬ್ಯಾಕ್ಟೀರಿಯಾ ದಿನವೂ ಮಾಡುವ ಕೆಲಸ ಇದು. ನಾವಿನ್ನೂ ಒಂದು ಚಿಪ್ ಮಾಡಲು ದೊಡ್ಡ ಕಾರ್ಖಾನೆಯನ್ನೇ ಕಟ್ಟುತ್ತಿದ್ದೇವೆ.

ನನ್ನ ಚಿಂತೆ ಇರುವುದು ಗೆದ್ದ ಮೇಲಿನದ್ದು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ 40 ಸಲ ಆದರೆ ಲೆಕ್ಕ ಒಂದು ಲಕ್ಷ ಕೋಟಿ ದಾಟುತ್ತದೆ. ಚೆಂದಕ್ಕೆಂದು ಹೊರದೇಶದಿಂದ ತಂದ ಲಂಟಾನ ಭದ್ರಾ ಕಾಡಿನೊಳಗೆ ಹೇಗೆ ಹಬ್ಬಿದೆ ಅಂತ ಚಿಕ್ಕಮಗಳೂರಿನವರಿಗೆ ಹೇಳಬೇಕಿಲ್ಲ ಅಲ್ವಾ? ಅದನ್ನು ಕೀಳಲಾದರೂ ನಾವು ಇಲ್ಲೇ ಇದ್ದೇವೆ, ನಕ್ಷತ್ರದ ಹತ್ತಿರ ಯಾರಿದ್ದಾರೆ?

ಹಾಗಾಗಿ ಮೊದಲು ಮರಿ ಹಾಕದ ಚಿಪ್ ಹೋಗಲಿ, ಅದು ಹೋಗಲೇಬೇಕು. ಮರಿ ಹಾಕುವುದನ್ನು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಗಳ ಮೇಲೆ ಪರೀಕ್ಷೆ ಮಾಡೋಣ. ಅಲ್ಲಿಗಾದರೆ ನಮ್ಮ ಆದೇಶ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಟ್ಟುತ್ತದೆ. ಇಷ್ಟೇ ಮರಿ ಸಾಕು ಅಂದರೆ ಅದು ನಿಲ್ಲಿಸುತ್ತದಾ, ಮರಿಯ ಮರಿಯೂ ಆ ಮಾತು ಕೇಳುತ್ತದಾ, ಅದನ್ನು ಅಲ್ಲೇ ಎಣಿಸಿ ನೋಡಬಹುದು.