ತಾರೀಖು ಬೇರೆ, ಗಳಿಗೆ ಬೇರೆ ಮಾರಾಯ್ರೇ!

ನಮಸ್ಕಾರ, ಶಿವಮೊಗ್ಗದಿಂದ. ಹೊರಗೆ ಮಳೆ ಬಾರಿಸುತ್ತಿದೆ. ತಗಡಿನ ಶೀಟಿನ ಸದ್ದು ಮೈಕಿಗೆ ಬಂದರೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.

ಹೋದ ವಿಡಿಯೋ ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ. "ಎರಡು ಡೇಟ್ ಕಳೆಯಿರಿ, 86400ರಿಂದ ಭಾಗಿಸಿ, ದಿನ ಸಿಕ್ಕಿತು. ಇದಕ್ಕೊಂದು ವಿಡಿಯೋ ಬೇಕಾ?" ಅದಕ್ಕೆ ಲೈಕ್ ಬೇರೆ! (86400 ಅಂದರೆ ಒಂದು ದಿನಕ್ಕಿರುವ ಸೆಕೆಂಡು.)

ಬೇಕು ಅಣ್ಣ. ಇನ್ನೊಂದೂ ಬೇಕು, ಅದನ್ನೇ ಈಗ ಮಾಡುತ್ತಿದ್ದೇನೆ.

ಕೋಡ್ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನನ್ನ ಕೈಯಲ್ಲಿ ಇರುವುದು ತಾರೀಖೋ, ಗಳಿಗೆಯೋ? ಕ್ಯಾಲೆಂಡರಿನ ಒಂದು ಮನೆ ತಾರೀಖು. ಇಡೀ ಭೂಮಿಗೆ ಒಂದೇ ಸಲ ಬಂದು ಹೋಗುವುದು ಗಳಿಗೆ. ಹುಟ್ಟುಹಬ್ಬ ತಾರೀಖು. ಯುಪಿಐನಲ್ಲಿ ದುಡ್ಡು ಹೋಗಿದ್ದು ಗಳಿಗೆ. ಎರಡೂ ಬೇರೆ!

ನೈಟ್ ಬಸ್ಸನ್ನೇ ತಗೊಳ್ಳಿ. 10ನೇ ತಾರೀಖು ರಾತ್ರಿ 11ಕ್ಕೆ ಶಿವಮೊಗ್ಗ ಬಿಡುತ್ತದೆ, 11ನೇ ತಾರೀಖು ಬೆಳಗ್ಗೆ 5ಕ್ಕೆ ಬೆಂಗಳೂರು. ವ್ಯತ್ಯಾಸ ಎಷ್ಟು? ಗಳಿಗೆ ಲೆಕ್ಕದಲ್ಲಿ 6 ಗಂಟೆ, ತಾರೀಖಿನ ಲೆಕ್ಕದಲ್ಲಿ 1 ದಿನ. ಎರಡೂ ಸರಿ. ನಮ್ಮ ಅಣ್ಣನ ಭಾಗಾಕಾರ ಮಾಡಿ, ದಶಾಂಶ ಬಿಟ್ಟರೆ? ಸೊನ್ನೆ. ಬಸ್ಸು ಹೊರಟ ದಿನವೇ ತಲುಪಿತಂತೆ. ಕಾಲು ನೋವು ಯಾರಿಗೆ ಹೇಳೋಣ?

"ಅಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ, ಇಂಡಿಯಾದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡಲ್ಲ" ಅಂತ ಇನ್ನೊಬ್ಬರು. ಹೌದು, ಇಲ್ಲಿ ಮಾಡಲ್ಲ. ತೀರ್ಥಹಳ್ಳಿಯ ಮನೆ ಜಗಲಿಯಲ್ಲಿ ಕೂತು ನೀವು ಬರೆಯುವ ಕೋಡ್ ಓಡುವುದು ಎಲ್ಲಿ? ಯಾವ ದೇಶದ ಕಂಪ್ಯೂಟರಿನಲ್ಲೋ! ನ್ಯೂಯಾರ್ಕಿನಲ್ಲಿ 2025ರ ಮಾರ್ಚ್ 9ಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಮಾಡಿದರು, ಆ ದಿನಕ್ಕೆ ಇದ್ದಿದ್ದೇ 23 ಗಂಟೆ. ಆ ಮಧ್ಯರಾತ್ರಿಯಿಂದ ಮರುದಿನ ಮಧ್ಯರಾತ್ರಿಗೆ ಎಷ್ಟು ಸೆಕೆಂಡೋ ಅದನ್ನು 86400ರಿಂದ ಭಾಗಿಸಿ, ದಶಾಂಶ ಬಿಟ್ಟು ನೋಡಿ. ಮತ್ತೆ ಸೊನ್ನೆ! ಸಮೋವಾ ದೇಶದವರು 2011ರ ಡಿಸೆಂಬರ್ 30 ಅನ್ನೋ ದಿನವನ್ನೇ ಬಿಟ್ಟು ಮುಂದೆ ಹೋದರು. ಅದಕ್ಕೆ ಯಾವುದರಿಂದ ಭಾಗಿಸುತ್ತೀರಿ?

ಸರಿ, ಅಮೆರಿಕವೂ ಬೇಡ, ಸಮೋವಾವೂ ಬೇಡ. ನಮ್ಮೂರಿನ ಹಾಲಿನ ಡೈರಿಗೆ ಒಂದು ಆ್ಯಪ್ ಮಾಡುತ್ತೀರಿ ಅಂದುಕೊಳ್ಳಿ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ. ಇವತ್ತಿನ ತಾರೀಖು ಬೇಕು ಅಂತ ಸುಮ್ನೆ ಟುಐಎಸ್ಓಸ್ಟ್ರಿಂಗ್ (ಗಳಿಗೆಯನ್ನು ಅಕ್ಷರದಲ್ಲಿ ಬರೆದು ಕೊಡುವ ಕಮಾಂಡ್) ಕರೆದು, ಮೊದಲ ಹತ್ತು ಅಕ್ಷರ ಕತ್ತರಿಸುತ್ತೀರಿ. ಎಲ್ಲರೂ ಮಾಡುವುದು ಅದೇ. ಮಧ್ಯಾಹ್ನ ಟೆಸ್ಟ್ ಮಾಡಿದರೆ ಪಾಸ್. ಬೆಳಗ್ಗೆ ಐದಕ್ಕೆ ಕ್ಯಾನ್ ಹಿಡಿದು ಬಂದವರ ಹಾಲು? ನಿನ್ನೆಯ ಲೆಕ್ಕಕ್ಕೆ! ಯಾಕೆಂದರೆ ಅದು ಕೊಡುವುದು ಯುಟಿಸಿ, ಅಂದರೆ ಇಡೀ ಲೋಕಕ್ಕೆ ಅಳತೆಗೋಲಾದ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ 5:30 ಆಗುವ ತನಕ ಅಲ್ಲಿ ಇನ್ನೂ ನಿನ್ನೆ. ಐದೂಮುಕ್ಕಾಲಿಗೆ ಬಂದವರದ್ದು ಇವತ್ತಿಗೆ. ಒಂದೇ ಕ್ಯೂ, ಎರಡು ತಾರೀಖು. ಡೈರಿ ಸೆಕ್ರೆಟರಿಗೆ ನೀವೇ ಉತ್ತರ ಕೊಡಿ, ನನ್ನ ನಂಬರ್ ಕೊಡಬೇಡಿ.

ಗಳಿಗೆಯನ್ನು ಕತ್ತರಿಸಿ ತಾರೀಖು ಮಾಡಿದ್ದು ತಪ್ಪು. ತಾರೀಖು ಬೇರೆ, ಗಳಿಗೆ ಬೇರೆ!

ಇದು ಪೂರ್ತಿ ನಿಮ್ಮ ತಪ್ಪೂ ಅಲ್ಲ ಬಿಡಿ. ಜಾವಾಸ್ಕ್ರಿಪ್ಟಿನವರು 1995ರಲ್ಲಿ ಅವಸರಕ್ಕೆ ಜಾವಾ ಅನ್ನೋ ಇನ್ನೊಂದು ಭಾಷೆಯ ಡೇಟನ್ನೇ ಎತ್ತಿ ತಂದರು. ಜಾವಾದವರೇ 1997ರಲ್ಲಿ ಅದರ ಮುಕ್ಕಾಲು ಪಾಲು ಮೆಥಡ್‌ಗಳನ್ನು ಬಳಸಬೇಡಿ ಅಂದರು. 2014ರಲ್ಲಿ ಜಾವಾ 8 ಬಂದಾಗ ಲೋಕಲ್‌ಡೇಟ್ ಬೇರೆ, ಇನ್‌ಸ್ಟಂಟ್ ಬೇರೆ ಅಂತ ತಾರೀಖಿಗೊಂದು, ಗಳಿಗೆಗೊಂದು ಟೈಪ್ ಕೊಟ್ಟರು. ನಾನು ಹೇಳುತ್ತಿರುವುದೂ ಅದೇ ಅಲ್ವಾ? ಜಾವಾಸ್ಕ್ರಿಪ್ಟಿಗೂ ಈಗ ಡೇಟ್ ಬದಲಿಗೆ ಟೆಂಪೊರಲ್ ಅನ್ನೋ ಹೊಸದು ಬರುತ್ತಿದೆ. ಅಲ್ಲೂ ಪ್ಲೇನ್‌ಡೇಟ್ ಬೇರೆ, ಇನ್‌ಸ್ಟಂಟ್ ಬೇರೆ. ಹಳೆಯ ಡೇಟಿನಲ್ಲೋ, ಬಿಡಿ ಅಂಕಿಯಲ್ಲಿ ಕೊಟ್ಟರೆ ತಿಂಗಳ ಎಣಿಕೆ ಸೊನ್ನೆಯಿಂದ, ಜೂನ್ ತಿಂಗಳಿಗೆ 5 ಅಂತ ಕೊಡಬೇಕು. "2025-06-10" ಅಂತ ಬರೆದರೆ ಯುಟಿಸಿ ಮಧ್ಯರಾತ್ರಿ, ಅದೇ ತಾರೀಖನ್ನು 2025, 5, 10 ಅಂತ ಕೊಟ್ಟರೆ ನಮ್ಮ ಮಧ್ಯರಾತ್ರಿ. ಒಂದರಿಂದ ಇನ್ನೊಂದು ಕಳೆದರೆ ಐದೂವರೆ ಗಂಟೆ. ಎಂಥ ಸಾವು ಮಾರಾಯ್ರೇ ಇದು!

ಪೈಥಾನ್ ಭಾಷೆ ಸ್ವಲ್ಪ ಮರ್ಯಾದಸ್ಥ. ಅದರಲ್ಲಿ ಡೇಟ್ ಇದೆ, ಡೇಟ್‌ಟೈಮ್ ಇದೆ. ಟೈಮ್‌ಝೋನ್ (ಯಾವ ಊರಿನ ಗಂಟೆ ಅನ್ನೋ ಗುರುತು) ಇರುವ ಸಮಯ, ಇಲ್ಲದ ಸಮಯ, ಎರಡರಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ಸೀದಾ ಎರರ್ ಎಸೆಯುತ್ತದೆ. ಆ ಎರರ್ ಬಂದಾಗ ಜನ ಏನು ಮಾಡುತ್ತಾರೆ ಗೊತ್ತಾ? ಟೈಮ್‌ಝೋನ್ ಕಿತ್ತು ಎಸೆಯುತ್ತಾರೆ! ನಾಯಿ ಬೊಗಳಿತು ಅಂತ ನಾಯಿಯನ್ನೇ ಮಾರಿದ ಹಾಗೆ.

"ಅಡಿಕೆ ಸಾಲದ ಬಡ್ಡಿ ಸಾಫ್ಟ್‌ವೇರಿಗೂ ಇದೆಲ್ಲ ಬೇಕಾ?" ಅಲ್ಲೇ ಜಾಸ್ತಿ ಬೇಕು. ಬಡ್ಡಿ ಓಡುವುದು ತಾರೀಖಿನ ಮೇಲೆ. ಡೇಟಿನಿಂದ ಡೇಟ್ ಕಳೆಯಿರಿ, ಡೇಸ್ ತಗೊಳ್ಳಿ, ಮುಗಿಯಿತು. ಮೊದಲ ದಿನವನ್ನೂ ಸೇರಿಸಬೇಕಾ ಅನ್ನುವುದನ್ನು ಸೊಸೈಟಿಯವರನ್ನು ಕೇಳಿ, ಕಂಪ್ಯೂಟರನ್ನಲ್ಲ.

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ. ಕರೆಂಟ್ ಹೋಯಿತು, ಯುಪಿಎಸ್ ಕೂಗುತ್ತಿದೆ. ತಾರೀಖು ಬೇರೆ, ಗಳಿಗೆ ಬೇರೆ. ಟೀ ಶರ್ಟ್ ಮೇಲೆ ಇದನ್ನೇ ಹಾಕಿಸುತ್ತಿದ್ದೇನೆ, ಲಿಂಕ್ ಕೆಳಗೆ ಇರುತ್ತದೆ. ಸಬ್‌ಸ್ಕ್ರೈಬ್ ಆಗದೇ ಇಷ್ಟು ಹೊತ್ತು ನೋಡಿದವರು ಯಾರು? ಒತ್ತಿ ಬಟನ್. 86400 ಅಂತ ಇನ್ನೊಬ್ಬರು ಬರೆದರೆ ಬ್ಲಾಕ್!